ಎಂಟನೇ ಮರಿ

ಸಾವಕ್ಕ ಮಕ್ಕಳ ಮುಂದೆ ಯಾವ ಹಾಡು ಬೇಕಾದರೂ ಹಾಡುತ್ತಿದ್ದಳು, ಒಂದು ಆಟಕ್ಕೆ ಮಾತ್ರ ಒಪ್ಪುತ್ತಿರಲಿಲ್ಲ. ಅವಳು ಒಂದು ಸಾಲು ಹಾಡಿ ನಿಲ್ಲಿಸಬೇಕು, ಮಕ್ಕಳು ಅದಕ್ಕೆ ಉತ್ತರ ಹಾಡಬೇಕು. ಶಾಲೆ ಮಕ್ಕಳನ್ನು ಹಾಡಿಗೆ ಎಳೆಯಲು ಇದಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲ. ನಾನು ಎರಡು ವರ್ಷ ಅವಳಿಗೆ ಗಂಟುಬಿದ್ದೆ.

"ಅದೊಂದು ಬ್ಯಾಡ ತಮ್ಮಾ," ಅನ್ನುತ್ತಿದ್ದಳು. "ಎಲ್ಲಾರೂ ಕೂಡೇ ಹಾಡೂಣು. ಕರದು ಸುಮ್ಮ ನಿಲ್ಲೂದು ನನಗ ಆಗಂಗಿಲ್ಲ."

ನಮ್ಮದು ಮೂರೇ ಜನರ ಮೇಳ. ನನ್ನ ಹೆಸರು ಸಮ್ಮೇದ, ಚಿಕ್ಕೋಡಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದೇನೆ, ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುತ್ತೇನೆ. ಡೊಳ್ಳಿನ ಮಾಳು ಚಿಂಚಲಿಯವನು, ಕುರಿ ಸಾಕಿದ ಮನೆತನ. ಕೊರೊನಾ ಮುಗಿದು ಶಾಲೆಗಳು ತೆರೆದಾಗ ಮಕ್ಕಳು ಬಾಯಿ ಬಿಡುವುದನ್ನೇ ಮರೆತಂತೆ ಕೂತಿರುತ್ತಿದ್ದರು. ಆಗ ಶನಿವಾರ ಬೆಳಿಗ್ಗೆ ನನ್ನ ಹಳೆಯ ಓಮ್ನಿಯಲ್ಲಿ ಪೇಟಿ, ಡೊಳ್ಳು, ಒಂದು ಚೀಲ ತಾಳ ಹಾಕಿಕೊಂಡು ಸರಕಾರಿ ಶಾಲೆಗಳಿಗೆ ಹೋಗಿ ಹಾಡಿಸಿ ಬರೋಣ ಎಂದು ಶುರು ಮಾಡಿದೆವು. ನನ್ನ ದನಿ ಕೇಳಿ ಮಕ್ಕಳು ಆಕಳಿಸಿದರು. ಆಗ ಮಾಳು ಹೇಳಿದ:

"ನಮ್ಮೂರಿನ ಮಗಳು ಒಬ್ಬಾಕಿ ಅದಾಳ. ರಾಯಬಾಗ ಹತ್ರ ಕೊಟ್ಟಾರ. ಅಕಿ ಹಾಡಿದ್ರ ನಿನ್ನ ಪೇಟಿನೂ ಬ್ಯಾಡ, ನನ್ನ ಡೊಳ್ಳೂ ಬ್ಯಾಡ."

ನಾವು ಹೋದಾಗ ಸಾವಕ್ಕ ಕೊಟ್ಟಿಗೆ ಬಳಿಯುತ್ತಿದ್ದಳು. ನಲವತ್ತು ದಾಟಿದ ಹೆಂಗಸು, ಎತ್ತರದ ಆಳು, ಹಣೆ ತುಂಬ ಕುಂಕುಮ. ವಿಷಯ ಹೇಳಿದೆವು. ಗಂಡ ಮಹಾದೇವ ಕಟ್ಟೆಯ ಮೇಲಿನಿಂದಲೇ, "ಹೋಗಲಿ ಬಿಡ್ರಿ, ಮನ್ಯಾಗ ಕುಂತು ಗ್ವಾಡಿ ನೋಡ್ತಾಳ," ಅಂದ. ಅವಳು ಕೈ ತೊಳೆದುಕೊಂಡು ಬಂದು ಅಲ್ಲಿಯೇ ನಿಂತು ಒಂದು ಮದುವೆ ಪದದ ನಾಲ್ಕು ಸಾಲು ಹಾಡಿದಳು. ಪಕ್ಕದ ಮನೆಯ ಹೆಂಗಸರು ಬಾಗಿಲಿಗೆ ಬಂದರು. ಅಂದಿನಿಂದ ಓಮ್ನಿಯ ಮುಂದಿನ ಸೀಟು ಅವಳದಾಯಿತು.

ಮಕ್ಕಳಿಗೆ ಅವಳು ಪಾಠ ಹೇಳುತ್ತಿರಲಿಲ್ಲ. ಅವರ ನಡುವೆ ನೆಲಕ್ಕೆ ಕೂತು, "ನಿಮ್ಮ ತಾಟ ತಗೊಂಡು ಬರ್ರಿ," ಅನ್ನುತ್ತಿದ್ದಳು. ಬಿಸಿಯೂಟದ ಸ್ಟೀಲ್ ತಾಟುಗಳು ಬೋರಲಾಗಿ ಸಾಲು ಹಿಡಿಯುತ್ತಿದ್ದವು. ಮಾಳು ಡೊಳ್ಳಿನ ಮೇಲೆ ಒಂದು ಪೆಟ್ಟು ಕೊಟ್ಟರೆ ಅರವತ್ತು ತಾಟುಗಳು ಮೂರು ಪೆಟ್ಟು ಕೊಡುತ್ತಿದ್ದವು. ಪೇಟಿಯ ತಿದಿ ಒತ್ತಲು ಪಾಳಿ ಹಚ್ಚುತ್ತಿದ್ದರು. ನಿಪ್ಪಾಣಿ ಕಡೆ ಒಂದು ಶಾಲೆಯಲ್ಲಿ ಎರಡನೇ ಇಯತ್ತೆಯ ಹುಡುಗಿಯೊಬ್ಬಳು ತಿದಿಗೆ ಕಿವಿ ಹಚ್ಚಿ, "ಇದು ಉಸರ ಆಡಾಕತ್ತೇತ್ರಿ!" ಎಂದು ಕೂಗಿದ್ದಳು. ಸಾವಕ್ಕ ನಕ್ಕು, "ಉಸರ ಆಡೂದೆಲ್ಲಾ ಹಾಡತೈತಿ, ನೀನೂ ಹಾಡಬೇ," ಅಂದಿದ್ದಳು.

ಆದರೆ ವಾಪಸು ಬರುವಾಗ ಅವಳು ಬೇರೆಯೇ ಹೆಂಗಸು. ಕಬ್ಬಿನ ಗದ್ದೆಗಳು ರಸ್ತೆಯ ಎರಡೂ ಬದಿ ಎತ್ತರಕ್ಕೆ ನಿಂತ ಕಡೆ ಗಾಜು ಏರಿಸಿಬಿಡುತ್ತಿದ್ದಳು, ಎಂಥ ಸೆಕೆಯಿದ್ದರೂ. ಒಮ್ಮೆ ಗಾಡಿ ಕೆಟ್ಟು ಕುಡಚಿ ರಸ್ತೆಯಲ್ಲಿ ಅರ್ಧ ತಾಸು ನಿಂತೆವು. ಮಧ್ಯಾಹ್ನದ ಸುಡುಬಿಸಿಲು. ಅವಳು ಕಬ್ಬಿನ ಕಡೆಗೇ ನೋಡುತ್ತ ನಿಂತು ಮಾಳುವನ್ನು ಕೇಳಿದಳು: "ನಿನಗೇನರೆ ಕೇಳಸ್ತೇನ?" ಅವನು ಇಲ್ಲ ಅಂದ. "ಹಂಗಾರ ಇರಲಿ," ಅಂದಳು. ಮಾಳು ಆಮೇಲೆ ನನ್ನ ಕಿವಿಯಲ್ಲಿ, "ಅಕಿ ತಂಗಿ ಹೊಳೀಗೆ ಬಿದ್ದು ಸತ್ತಾಳ, ಭಾಳ ಹಿಂದ. ಕೇಳಾಕ ಹೋಗಬ್ಯಾಡ," ಅಂದ. ನಾನು ಕೇಳಲಿಲ್ಲ. ಪೂರ್ತಿ ಕಥೆಯನ್ನು ಅವಳೇ ಹೇಳಿದ್ದು ಹೋದ ಡಿಸೆಂಬರಿನಲ್ಲಿ, ಐಗಳಿಯಿಂದ ಬರುವಾಗ. ಆದರೂ ಅದನ್ನು ಇಲ್ಲಿಯೇ ಹೇಳಿಬಿಡಬೇಕು.

ಚಿಂಚಲಿಯ ಮಲಕಾರಿ ಎಂಬ ಕುರುಬನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಸಾವಕ್ಕ, ಐದು ವರ್ಷ ಸಣ್ಣವಳು ಭಾಗ್ಯಾ. ತಾಯಿ ಬೇಗ ತೀರಿಕೊಂಡಿದ್ದರಿಂದ ತಂಗಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಸಾವಕ್ಕನೇ. ಇಬ್ಬರೂ ಕುರಿಮರಿ ಮೇಯಿಸಲು ಹೋಗುತ್ತಿದ್ದರು. ಕಬ್ಬು ಎದ್ದ ಮೇಲೆ ಎದುರಿಗಿದ್ದವರೂ ಕಾಣುವುದಿಲ್ಲ. ಅದಕ್ಕೆ ಇಬ್ಬರೂ ಸೇರಿ ಒಂದು ಹಾಡು ಕಟ್ಟಿಕೊಂಡಿದ್ದರು. ಹಿಂದೆ ಉಳಿದ ತಂಗಿ ಕರೆಯಬೇಕು:

"ಏಳು ಮರಿ ಮುಂದ ಹೋದುವು,
ಎಂಟನೇದು ಹಿಂದ ಉಳೀತು,
ಅಕ್ಕಾ, ಕಂಡೈತೇನ?"

ಮುಂದಿರುವ ಅಕ್ಕ ಉತ್ತರ ಕೊಡಬೇಕು:

"ಕಂಡೈತಿ ಕಂಡೈತಿ,
ಬೇಲಿ ದಾಟಿ ಬಾ ತಂಗಿ,
ನಾ ನಿಂತೀನಿ."

ಕೇಳಿಸಿದವರು ಉತ್ತರ ಕೊಡಲೇಬೇಕು ಎಂಬುದು ಅವರ ಆಣೆ. ಸಿಟ್ಟಿದ್ದರೂ ಕೊಡಬೇಕು, ಬಾಯಲ್ಲಿ ತುತ್ತಿದ್ದರೂ ಕೊಡಬೇಕು. ಈ ಹಾಡು ಅವರಿಬ್ಬರನ್ನು ಬಿಟ್ಟು ಮೂರನೆಯವರಿಗೆ ಗೊತ್ತಿರಲಿಲ್ಲ.

ಸಾವಕ್ಕನ ಮದುವೆಯಾಯಿತು. ಭಾಗ್ಯಾಗೆ ಹದಿನೆಂಟು ತುಂಬುತ್ತಿದ್ದಂತೆ ಅಪ್ಪ ಅವಳನ್ನು ಸೋದರಮಾವನಿಗೆ ಕೊಡುವುದೆಂದು ನಿಶ್ಚಯಿಸಿದ. ಆ ಮಾವನಿಗೆ ನಲವತ್ತರ ಮೇಲೆ ವಯಸ್ಸು, ಹೆಂಡತಿ ಸತ್ತು ಎರಡು ಮಕ್ಕಳಿದ್ದವು. ಮದುವೆಗೆ ಹತ್ತು ದಿನ ಇರುವಾಗ, ಒಂದು ಮಧ್ಯಾಹ್ನ, ಸಾವಕ್ಕ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಹೊಟ್ಟೆಯಲ್ಲಿ ನಾಲ್ಕು ತಿಂಗಳ ಕೂಸು. ಪಕ್ಕದಲ್ಲಿ ಅತ್ತೆ. ಹಿತ್ತಲಿನ ಬಣವೆಯ ಕಡೆಯಿಂದ ಸಣ್ಣ ದನಿಯಲ್ಲಿ ಬಂತು: ಏಳು ಮರಿ ಮುಂದ ಹೋದುವು.

"ಯಾರ ಅದು?" ಅತ್ತೆ ಕೇಳಿದಳು.

ಅತ್ತೆ ಹಿಂದಿನ ವಾರವಷ್ಟೇ, ನಿನ್ನ ತವರಿನವರು ಈ ಹೊಸ್ತಿಲು ತುಳಿದರೆ ನೀನೂ ಅವರ ಬೆನ್ನ ಹಿಂದೆ ನಡೆ ಎಂದಿದ್ದಳು. ಏನೋ ಜಗಳ, ಈಗ ಏನೆಂದು ಸಾವಕ್ಕನಿಗೂ ನೆನಪಿಲ್ಲ. "ಯಾರೋ ಕುರಿ ಕಾಯೂ ಹುಡುಗ್ಯಾರ ಇರಬೇಕ್ರಿ," ಅಂದಳು. ಹಾಡು ಮೂರು ಸಲ ಬಂತು. ಮೂರನೇ ಸಲ ಕೊನೆಯ ಸಾಲು ಅರ್ಧಕ್ಕೆ ನಿಂತಿತು. ಆಮೇಲೆ ಇಲ್ಲ.

ಎರಡು ದಿನದ ಮೇಲೆ ಕುಡಚಿ ಹತ್ತಿರ ಕೃಷ್ಣಾ ಹೊಳೆಯ ದಂಡೆಯಲ್ಲಿ ಭಾಗ್ಯಾಳ ಚಪ್ಪಲಿ ಸಿಕ್ಕವು. ಅಂಬಿಗರು ಮೂರು ದಿನ ಹುಡುಕಿದರು. ಹೆಣ ಸಿಗಲಿಲ್ಲ. ಮಲಕಾರಿ ಮಗಳ ತಿಥಿ ಮಾಡಿ ಮುಗಿಸಿ, ಎರಡು ವರ್ಷದಲ್ಲಿ ತಾನೂ ಹೋದ. ಸಾವಕ್ಕ ಯಾರಿಗೂ ಆ ಮಧ್ಯಾಹ್ನದ ಮಾತು ಹೇಳಲಿಲ್ಲ. ಕಬ್ಬು ಎತ್ತರವಾದಾಗಲೆಲ್ಲ ಅದರೊಳಗಿನಿಂದ ಕರೆ ಕೇಳುತ್ತಿತ್ತು. ಉತ್ತರ ಕೊಡಲು ಬಾಯಿ ತೆರೆದರೆ ನಿಂತುಬಿಡುತ್ತಿತ್ತು. ಒಂದೇ ಒಂದು ಸಮಾಧಾನ ಅವಳು ಇಟ್ಟುಕೊಂಡಿದ್ದಳು: ತಾನು ಮನೆಯಲ್ಲಿ ಇರಲಿಲ್ಲ, ಹೊಲಕ್ಕೆ ಹೋಗಿದ್ದೆ ಎಂದು ತಂಗಿ ತಿಳಿದಿರಬೇಕು, ಹಾಗೆ ತಿಳಿದೇ ಹೋಗಿರಬೇಕು. ಇಪ್ಪತ್ತೆರಡು ವರ್ಷ ಅದನ್ನೇ ಹಿಡಿದುಕೊಂಡು ಬದುಕಿದ್ದಳು.

ಇನ್ನು ಐಗಳಿಯ ಮಾತು.

ಅಥಣಿ ತಾಲೂಕಿನಲ್ಲಿ ಊರಿಗಿಂತ ತೋಟದಲ್ಲಿ ಮನೆ ಮಾಡಿಕೊಂಡವರೇ ಹೆಚ್ಚು. ಅವರ ಮಕ್ಕಳಿಗಾಗಿ ತೋಟದ ಶಾಲೆಗಳಿವೆ. ಐಗಳಿಯಾಚೆ ದ್ರಾಕ್ಷಿ ತೋಟಗಳ ನಡುವಿನ ಅಂಥ ಒಂದು ಶಾಲೆಯ ಉಜ್ವಲಾ ಟೀಚರ್ ಜೂನ್ ತಿಂಗಳಲ್ಲಿ ನನಗೆ ಫೋನ್ ಮಾಡಿದ್ದರು. "ನಿಮ್ಮ ವಿಡಿಯೋ ನೋಡೇವ್ರಿ ಸರ್. ನಮ್ಮ ಸಾಲಿಗೂ ಬರ್ರಿ. ನಮ್ಮ ಅಡಗಿ ಆಯಿ ದಿನಾ ಕೇಳ್ತಾಳ್ರಿ, ಅವರು ಯಾವಾಗ ಬರ್ತಾರ ಅಂತ." ನನಗೆ ಬಿತ್ತನೆಯ ಕಾಲ, ಅಂಗಡಿಯಲ್ಲಿ ನಿಲ್ಲಲು ಜಾಗವಿಲ್ಲ. ಅಷ್ಟು ದೂರ ಯಾರು ಹೋಗುತ್ತಾರೆ ಎಂದುಕೊಂಡು ದೀಪಾವಳಿ ಮುಗಿಯಲಿ ಅಂದೆ. ಸೆಪ್ಟೆಂಬರಿನಲ್ಲಿ ಇನ್ನೊಮ್ಮೆ ಅವರ ಫೋನ್ ಬಂದಾಗ ಎತ್ತಲೂ ಇಲ್ಲ.

ಡಿಸೆಂಬರಿನ ಎರಡನೇ ಶನಿವಾರ ಹೋದೆವು. ಎರಡು ಕೋಣೆ, ಒಂದು ಪಡಸಾಲೆ, ಅಂಗಳದಲ್ಲಿ ಬೇವಿನ ಮರ. ಅರವತ್ತರ ಆಸುಪಾಸು ಮಕ್ಕಳು. ತಾಟು ಬಾರಿಸಿ, ಎರಡು ಹಾಡು ಹೇಳಿಕೊಟ್ಟು ಆದ ಮೇಲೆ ಸಾವಕ್ಕ ಎಂದಿನಂತೆ ಕೇಳಿದಳು:

"ಈಗ ನಿಮ್ಮದ ಪಾಳಿ. ನಿಮಗ ಬರೂದೊಂದು ಹಾಡ್ರಿ, ನಾವು ಕೇಳ್ತೇವು."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಐದನೇ ಇಯತ್ತೆಯ ಹುಡುಗಿಯೊಬ್ಬಳು ಎದ್ದು ಕೈ ಬೀಸಿದಳು. ಅರವತ್ತು ಬಾಯಿ ಒಟ್ಟಿಗೆ ತೆರೆದವು.

"ಏಳು ಮರಿ ಮುಂದ ಹೋದುವು,
ಎಂಟನೇದು ಹಿಂದ ಉಳೀತು,
ಅಕ್ಕಾ, ಕಂಡೈತೇನ?"

ಅಷ್ಟು ಹಾಡಿ ನಿಂತರು. ಸಾವಕ್ಕನನ್ನೇ ನೋಡುತ್ತ ಸುಮ್ಮನೆ ಕೂತರು. ಇನ್ನೂ ಹಾಡಬಹುದೆಂದು ನಾನು ಪೇಟಿಯ ಮೇಲೆ ಬೆರಳಿಟ್ಟು ಕಾಯುತ್ತಿದ್ದೆ. ಹಾಡಲಿಲ್ಲ. ಅಂಗಳದಲ್ಲಿ ಬೇವಿನ ಎಲೆ ಅಲ್ಲಾಡುವುದು ಕೇಳುತ್ತಿತ್ತು.

"ಮುಂದ?" ನಾನೇ ಕೇಳಿದೆ.

"ಮುಂದಿಂದು ನಮಗ ಬರಂಗಿಲ್ರಿ," ಅಂದಳು ಆ ಹುಡುಗಿ. "ಆಯಿ ಇಷ್ಟ ಹೇಳಿಕೊಟ್ಟಾಳ್ರಿ. ಇದಕ್ಕ ಉತ್ತರ ಕೊಡಾಕಿ ಒಬ್ಬಾಕಿ ಬರ್ತಾಳ, ಅಕಿನ್ನ ಕೇಳ್ರಿ ಅಂದಿದ್ದಳ್ರಿ."

ನಾನು ಸಾವಕ್ಕನ ಕಡೆ ತಿರುಗಿದೆ. ಮುಖದಲ್ಲಿ ರಕ್ತವೇ ಇರಲಿಲ್ಲ. ಕೈಯಲ್ಲಿದ್ದ ತಾಳ ಕೆಳಗಿಟ್ಟಳು. ಎದ್ದು ಗೋಡೆ ಹಿಡಿದುಕೊಂಡು ಹೊರಗೆ ನಡೆದಳು. ಮಾಳು ಸಟ್ಟನೆ ಡೊಳ್ಳು ಕೊರಳಿಗೆ ಹಾಕಿಕೊಂಡು, "ಯಾರ ಕುಣೀತೀರಿ?" ಎಂದು ಮಕ್ಕಳನ್ನು ಎಬ್ಬಿಸಿದ. ಅವನಿಗೂ ಏನೂ ಗೊತ್ತಿರಲಿಲ್ಲ, ಆದರೆ ಸುಮ್ಮನಿರಬಾರದು ಎಂಬುದು ಹೊಳೆದಿತ್ತು.

ನಾನು ಹಿಂದೆ ಹೋದಾಗ ಅಡಿಗೆ ಕೋಣೆಯ ಮುಂದೆ ಸಾವಕ್ಕ ಉಜ್ವಲಾ ಟೀಚರ್ ಅವರ ಎರಡೂ ಕೈ ಹಿಡಿದುಕೊಂಡಿದ್ದಳು. "ಯಾವ ಆಯಿ ಟೀಚರ್? ಎಲ್ಲದಾಳ? ಕರೀರಿ ಅಕಿನ್ನ."

ಟೀಚರ್ ನನ್ನ ಕಡೆ ನೋಡಿದರು. "ನೀಲಮ ಅಂತ್ರಿ. ಒಂಬತ್ತು ವರ್ಷ ಇಲ್ಲೇ ಅಡಗಿ ಮಾಡಿದ್ಲು. ಸೆಪ್ಟೆಂಬರದಾಗ ತೀರಿಕೊಂಡ್ಲು. ಕಾಮಣಿ ಆಗಿತ್ತು, ಮೈಯೆಲ್ಲಾ ಹಳದಿ. ಅದನ್ನ ಹೇಳಬೇಕಂತನ ನಿಮಗ ಫೋನ್ ಮಾಡಿದ್ದೆ ಸರ್."

ಮೊಬೈಲಿನಲ್ಲಿ ಫೋಟೋ ತೋರಿಸಿದರು. ಸ್ವಾತಂತ್ರ್ಯ ದಿನದ ಫೋಟೋ. ಮಕ್ಕಳ ಹಿಂದೆ ದೊಡ್ಡ ಸೌಟು ಹಿಡಿದು ನಿಂತ ಎತ್ತರದ ಹೆಂಗಸು. ಸಾವಕ್ಕ ಬೆರಳಿನಿಂದ ಆ ಮುಖವನ್ನು ಮುಟ್ಟಿದ್ದೇ ಪರದೆ ಸರಿದು ಬೇರೆ ಫೋಟೋ ಬಂತು. "ಎಲ್ಲಿ ಹೋತು? ಎಲ್ಲಿ ಹೋತು?" ಎಂದು ಗಾಬರಿಯಾದಳು. ಟೀಚರ್ ಮತ್ತೆ ಅದೇ ಫೋಟೋ ತಂದುಕೊಟ್ಟರು. "ನನ್ನ ತಂಗಿ ಇಕಿ," ಅಂದಳು ಸಾವಕ್ಕ.

ಮೇ ತಿಂಗಳಲ್ಲಿ ಟೀಚರ್ ನಮ್ಮ ಹಾಡಿನ ವಿಡಿಯೋವನ್ನು ನೀಲಮಾಗೆ ತೋರಿಸಿದ್ದರಂತೆ. ಅವಳು ಅದನ್ನು ನಾಲ್ಕು ಸಲ ನೋಡಿದಳಂತೆ. ಶಾಲೆ ಶುರುವಾದ ದಿನದಿಂದ ಅನ್ನ ಬಡಿಸುತ್ತ ಬಡಿಸುತ್ತ ಮಕ್ಕಳಿಗೆ ಆ ಮೂರು ಸಾಲು ಕಲಿಸಿದಳಂತೆ.

ನೀಲಮಾಳ ಗಂಡ ಸಿದ್ದಲಿಂಗ ಅಲ್ಲಿಂದ ಎರಡು ತೋಟದ ಆಚೆ ದ್ರಾಕ್ಷಿ ಗೊನೆಗಳನ್ನು ಔಷಧಿಯ ಬೋಗುಣಿಯಲ್ಲಿ ಅದ್ದುವ ಕೆಲಸದಲ್ಲಿದ್ದ. ನಾವು ಯಾರೆಂದು ಟೀಚರ್ ಹೇಳಿದೊಡನೆ ಬೋಗುಣಿ ಕೆಳಗಿಟ್ಟ. ಸಾವಕ್ಕನ ಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ ಶೆಡ್ಡಿನ ನೆರಳಿಗೆ ಚಾಪೆ ಹಾಸಿ, ನೀರು ಕೊಟ್ಟು, ತಾನು ಎದುರಿಗೆ ಕುಕ್ಕರಗಾಲಲ್ಲಿ ಕೂತ.

"ಅಕಿ ಹೊಳೀಗೆ ಬೀಳಾಕ ಹೋಗಿದ್ದಳೇನ?" ಸಾವಕ್ಕ ಮೊದಲು ಕೇಳಿದ್ದು ಇದು.

"ಇಲ್ರಿ ಅಕ್ಕಾರ. ಚಪ್ಪಲಿ ಉಂಗುಟ ಹರಿದಿತ್ತಂತ. ಮಾರಿ ತೊಳಕೊಂಡು, ಅಲ್ಲೇ ಬಿಟ್ಟು, ಬರಿಗಾಲಲೇ ಕುಡಚಿ ಟೇಶನ್ನಿಗೆ ಹೋಗಿ ಮಿರಜ ರೈಲು ಹತ್ಯಾಳ. ಆ ಕಡೆ ದ್ರಾಕ್ಷಿ ಕೆಲಸಕ್ಕ ಸೇರಿದ್ಲು. ನಾನೂ ಅಲ್ಲೇ ಇದ್ದೆ. ಅಲ್ಲಿಂದನ ಹೆಸರು ನೀಲಮ ಅಂತ ಮಾಡಿಕೊಂಡಿದ್ಲು."

ಸಾವಕ್ಕ ಅವನ ಬಾಯನ್ನೇ ನೋಡುತ್ತಿದ್ದಳು. "ಹರದಿತ್ತಂತ," ಎಂದು ತನ್ನಷ್ಟಕ್ಕೆ ಅಂದುಕೊಂಡಳು. ಇಷ್ಟು ವರ್ಷದ ಸೂತಕಕ್ಕೆ ಕಾರಣ ಒಂದು ಹರಿದ ಉಂಗುಟ.

"ನನ್ನ ಮ್ಯಾಲ ಸಿಟ್ಟ ಇತ್ತೇನ ಅಕಿಗೆ?"

"ಇತ್ರಿ. ಸುಳ್ಳ ಯಾಕ ಹೇಳ್ಲಿ. ಮೊದಲ ಎಂಟ-ಹತ್ತ ವರ್ಷ ನಿಮ್ಮ ಹೆಸರ ತಗೀಗೊಡತಿರಲಿಲ್ಲ. ಆಮ್ಯಾಲ ಸಿಟ್ಟ ಹೋತು, ನಾಚಿಕಿ ಬಂತು. ಇಷ್ಟ ದಿನ ಹೋಗಲಿಲ್ಲ, ಈಗ ಯಾವ ಮಾರಿ ತಗೊಂಡು ಹೋಗಲಿ ಅಂತಿದ್ಲು. ಮಕ್ಕಳೂ ಆಗಲಿಲ್ಲ ನಮಗ. ಹಾಸಿಗಿ ಹಿಡಿದ ಮ್ಯಾಲ ನಾ ಹೋಗಿ ಕರಕೊಂಡು ಬರ್ತೇನಿ ಅಂದೆ. ಬ್ಯಾಡ ಅಂದ್ಲು. ನಾ ಒಮ್ಮೆ ಕರದೇನಿ, ಇನ್ನ ಅಕಿ ತಾನಾಗೇ ಬರಲಿ, ಹುಡುಗೂರು ಕೇಳ್ತಾವು ಅಂದ್ಲು."

ಸಾವಕ್ಕ ಕಡೆಗೆ ತನ್ನ ಆ ಒಂದು ಸಮಾಧಾನವನ್ನು ಅವನ ಮುಂದೆ ಇಟ್ಟಳು. "ಅವತ್ತ ನಾ ಮನ್ಯಾಗ ಇರಲಿಲ್ಲ ಅಂತ ತಿಳದಿರಬೇಕಲ್ಲ ಅಕಿ?"

ಸಿದ್ದಲಿಂಗ ತಲೆ ತಗ್ಗಿಸಿದ. ಹಸಿರು ಬಡಿದ ಬೆರಳುಗಳನ್ನು ಧೋತರಕ್ಕೆ ಒರೆಸಿಕೊಂಡ. ಹೌದು ಅನ್ನು, ಹೌದು ಅನ್ನು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

"ಇದ್ರಿ ಅಂತ ಗೊತ್ತಿತ್ರಿ," ಅಂದ. "ಹಾಡು ಸುರು ಮಾಡಿದಾಗ ರೊಟ್ಟಿ ಬಡಿಯೂ ಸಪ್ಪಳ ಬರಾಕತ್ತಿತ್ತಂತ. ಅಕ್ಕಾ ಅಂದ ಕೂಡ್ಲೆ ಸಪ್ಪಳ ನಿಂತಿತಂತ."

ಸಾವಕ್ಕ ಅಳಲಿಲ್ಲ. ಬಹಳ ಹೊತ್ತು ತನ್ನ ಎರಡು ಅಂಗೈಗಳನ್ನು ನೋಡುತ್ತ ಕೂತಳು. ಮಹಾದೇವನ ಹೆಂಡತಿಯಾಗಿ, ಎರಡು ಮಕ್ಕಳ ತಾಯಿಯಾಗಿ ಅವಳು ಎಷ್ಟು ಸಾವಿರ ರೊಟ್ಟಿ ಬಡಿದಿರಬೇಕು. ಎದ್ದು, ತಂಗಿಯ ಮಣ್ಣು ಎಲ್ಲಿದೆ ಎಂದು ಕೇಳಿ, ಒಬ್ಬಳೇ ಹೋಗಿ ಬಂದಳು. ಅಲ್ಲಿ ಏನು ಮಾಡಿದಳೋ ನಾವು ನೋಡಲಿಲ್ಲ.

ದಾರಿಯುದ್ದಕ್ಕೂ ಅವಳು ಕಥೆ ಹೇಳಿದಳು. ನಾನು ನನ್ನ ತಪ್ಪು ಹೇಳಿಕೊಂಡೆ: ಜೂನ್‌ನಲ್ಲಿ ಕರೆದಿದ್ದರು, ಆಗ ಭಾಗ್ಯಾ ಬದುಕಿದ್ದಳು, ನಾನು ಮುಂದೆ ಹಾಕಿದೆ. ಸಾವಕ್ಕ ಬಯ್ಯಲಿಲ್ಲ, ಇರಲಿ ಬಿಡು ಎಂದೂ ಅನ್ನಲಿಲ್ಲ. "ನೀನೂ ಒಳಗ ಕುಂತಿದ್ದಿ," ಅಂದಳು. ಅಷ್ಟೇ. ಆ ಮಾತು ಈಗಲೂ ಅಂಗಡಿಯಲ್ಲಿ ಗಿರಾಕಿಗಳ ನಡುವೆ ಇದ್ದಕ್ಕಿದ್ದಂತೆ ನನ್ನ ಕಿವಿಗೆ ಬೀಳುತ್ತದೆ. ಫೋನ್ ಸದ್ದಾದರೆ ಯಾರದೆಂದು ನೋಡದೆ ಎತ್ತುತ್ತೇನೆ.

ಇನ್ನು ಇವಳು ಬರುವುದಿಲ್ಲ ಎಂದುಕೊಂಡಿದ್ದೆ. ಮುಂದಿನ ವಾರವೇ ಫೋನ್ ಮಾಡಿ, "ಐಗಳಿ ಸಾಲಿಗೆ ಮತ್ತ ಯಾವಾಗ?" ಅಂದಳು. ಸಂಕ್ರಾಂತಿ ಕಳೆದು ಹೋದೆವು. ಈ ಸಲ ಅವಳು ಮಕ್ಕಳ ನಡುವೆ ಕೂರಲಿಲ್ಲ, ಬಾಗಿಲ ಹೊರಗೆ ಅಂಗಳದಲ್ಲಿ ನಿಂತಳು. ಮಕ್ಕಳಿಗೆ ಒಳಗಿನಿಂದ ಕರೆಯಲು ಹೇಳಿದಳು. ಅವರು ಹಾಡಿ ನಿಲ್ಲಿಸಿದರು. ಇವಳಿಗೆ ಮೊದಲ ಸಲ ಆಗಲಿಲ್ಲ. "ಇನ್ನೊಮ್ಮೆ," ಅಂದಳು. ಎರಡನೇ ಸಲವೂ ಅಷ್ಟೇ. ಮೂರನೇ ಸಲ, ಶಾಲೆಗಳಲ್ಲಿ ನಾನು ಕೇಳುತ್ತಿದ್ದ ದನಿಯಲ್ಲ, ಒಡೆದ, ಒಣಗಿದ, ಎಳೆ ಹುಡುಗಿಯಂಥ ದನಿಯಲ್ಲಿ ಹಾಡಿದಳು: ಕಂಡೈತಿ ಕಂಡೈತಿ, ಬೇಲಿ ದಾಟಿ ಬಾ ತಂಗಿ, ನಾ ನಿಂತೀನಿ.

ಆ ಐದನೇ ಇಯತ್ತೆಯ ಹುಡುಗಿ ಬಾಗಿಲಿಗೆ ಬಂದು ಕೇಳಿದಳು: "ಇಷ್ಟೇ ಏನ್ರಿ?"

ಮಾಳುವಿಗೆ ನಗು ತಡೆಯಲಾಗಲಿಲ್ಲ. ಸಾವಕ್ಕನೂ ನಕ್ಕಳು, ಕಣ್ಣು ಒರೆಸಿಕೊಳ್ಳುತ್ತ. "ಇಷ್ಟೇ ಅವ್ವಾ. ಇಷ್ಟೇ ಇತ್ತು."

"ಆಮ್ಯಾಲ ಆ ಮರಿ ಬಂತೇನ್ರಿ?"

"ಇಲ್ಲವಾ. ಬರಲಿಲ್ಲ."

ಹುಡುಗಿ ನಂಬಲಿಲ್ಲ. ತಮ್ಮ ಮನೆಯ ಆಡು ಮೂರು ದಿನ ಬಿಟ್ಟು ಬಂದಿತ್ತು ಎಂದು ವಾದಿಸಿದಳು. ಇನ್ನೊಬ್ಬ ಹುಡುಗ ತೋಳ ತಿಂದಿರಬೇಕು ಅಂದ. ಜಗಳವೇ ಹತ್ತಿತು. ಗಂಟೆ ಹೊಡೆಯುವವರೆಗೂ ಅರ್ಧ ಮಕ್ಕಳು ಒಳಗೆ, ಅರ್ಧ ಮಕ್ಕಳು ಹೊರಗೆ ನಿಂತು ಕರೆಯುವುದು, ಉತ್ತರ ಕೊಡುವುದು ನಡೆಯಿತು. ಸಾವಕ್ಕ ಬೇವಿನ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಕೇಳಿದಳು.

ಅವಳಿಗೆ ನೆಮ್ಮದಿ ಸಿಕ್ಕಿತೆಂದು ಹೇಳಿದರೆ ಸುಳ್ಳಾಗುತ್ತದೆ. ಕಬ್ಬಿನಲ್ಲಿ ಈಗಲೂ ಕೇಳುತ್ತದಂತೆ. ಮೊದಲು ಒಂದೇ ದನಿಯಿತ್ತು, ಈಗ ಅದರ ಹಿಂದೆ ಒಂದು ಶಾಲೆಯಷ್ಟು ದನಿಗಳು ಸೇರಿವೆಯಂತೆ. ಸಿದ್ದಲಿಂಗ ಒಮ್ಮೆ ಒಂದು ಬುಟ್ಟಿ ದ್ರಾಕ್ಷಿ ತೆಗೆದುಕೊಂಡು ಅವಳ ಮನೆಗೆ ಬಂದಿದ್ದ. ಮಹಾದೇವ ಅವನನ್ನು ಊಟಕ್ಕೆ ಕೂರಿಸಿದ. ಸಾವಕ್ಕ ಮಾತ್ರ ಅವತ್ತು ರೊಟ್ಟಿ ಬಡಿಯಲಾರದೆ ಅನ್ನ ಮಾಡಿ ಬಡಿಸಿದಳು.

ಈಗ ನಾವು ಯಾವ ಶಾಲೆಗೆ ಹೋದರೂ ಅವಳು ನೇರವಾಗಿ ಮಕ್ಕಳ ಬಳಿ ಹೋಗುವುದಿಲ್ಲ. ನಾನು, ಮಾಳು ವಾದ್ಯ ಇಳಿಸುವ ಹೊತ್ತಿಗೆ ಅವಳು ಅಡಿಗೆ ಕೋಣೆಗೆ ಹೋಗಿ, ಅಡಿಗೆಯವಳ ಪಕ್ಕ ಕೂತು ಬೇಳೆ ಆರಿಸುತ್ತ ಕೇಳುತ್ತಾಳೆ: ಯಾವೂರಾಕಿ ಬೇ? ತವರ ಎಲ್ಲಿ? ಹೋಗಿ ಬಂದು ಮಾಡ್ತಿಯಿಲ್ಲ? ಹೆಚ್ಚಿನವರು ನಕ್ಕು ಊರು, ಮನೆ, ಅಣ್ಣ-ತಮ್ಮಂದಿರ ಹೆಸರು ಎಲ್ಲ ಹೇಳುತ್ತಾರೆ. ಹೋದ ತಿಂಗಳು ಅಕ್ಕೋಳದ ಕಡೆ ಒಂದು ಶಾಲೆಯಲ್ಲಿ ಅಡಿಗೆಯವಳು ಏನೂ ಹೇಳಲಿಲ್ಲ. ಮುಖ ಆ ಕಡೆ ತಿರುಗಿಸಿ ಸಾರು ತಿರುವುತ್ತಲೇ ಇದ್ದಳು. ಮಕ್ಕಳು ತಾಟು ಹಿಡಿದು ಸಾಲಾಗಿ ಕೂತು, "ಹಾಡೂ ಅಕ್ಕಾರು ಎಲ್ರೀ?" ಎಂದು ಕೂಗುತ್ತಿದ್ದರು. ನಾನು ಕರೆಯಲು ಹೋದೆ. ಸಾವಕ್ಕ ಬಾಗಿಲಲ್ಲೇ ನನಗೆ ಕೈಸನ್ನೆ ಮಾಡಿದಳು.

"ನೀವು ಸುರು ಮಾಡ್ರಿ ತಮ್ಮಾ," ಅಂದಳು. "ನಾ ಇಲ್ಲೇ ಇರತೇನಿ."